ನಮ್ಮ ರಾಜನ ಕಾದಂಬರಿ ಓದುವುದು ಹೇಗೆ

ಕೊಡಗಿನ ಕೊನೆಯ ರಾಜನ ಮೇಲೆ ಮಾಸ್ತಿಯವರು ಬರೆದ ಕಾದಂಬರಿ ‘ಚಿಕವೀರ ರಾಜೇಂದ್ರ’ ಬಂದಿದ್ದು 1956ರಲ್ಲಿ. ಕೊಡಗಿನಲ್ಲಿ ಈಗಲೂ ಅದರ ಮಾತೆತ್ತಿದರೆ ಒಬ್ಬರು ಹೊಗಳುತ್ತಾರೆ, ಪಕ್ಕದಲ್ಲಿ ಕೂತವರು ಮುಖ ಗಂಟಿಕ್ಕುತ್ತಾರೆ. ನನಗೆ ಎರಡೂ ಆಗುತ್ತದೆ. ನಿಮಗೂ ಹಾಗೇ ಆಗಿದ್ದರೆ, ನಾನು ಓದುವ ರೀತಿ ಹೇಳುತ್ತೇನೆ.

ಮೊದಲ ಸಲ ಸುಮ್ನೆ ಕಥೆ ಅಂತ ಓದಿ. ಪೆನ್ಸಿಲ್ ಬೇಡ, ಇಸವಿ ಹುಡುಕುವುದೂ ಬೇಡ. ರಾಣಿ ಗೌರಮ್ಮ ಅಷ್ಟು ಸಂಕಟದಲ್ಲೂ ಹೇಗೆ ನಿಲ್ಲುತ್ತಾಳೆ ನೋಡಿ. ಅವಳಿಗಾಗಿಯೇ ನಾನು ಈ ಪುಸ್ತಕವನ್ನು ಬಿಡಲಾರೆ.

ಎರಡನೇ ಸಲ ನೋಟ್‌ಬುಕ್ ಇಟ್ಟುಕೊಳ್ಳಿ. ಎಡಗಡೆ ಪುಟದಲ್ಲಿ ಕಾದಂಬರಿ ಹೇಳಿದ್ದು, ಬಲಗಡೆ ಚರಿತ್ರೆ ಹೇಳುವುದು. ಬಲಗಡೆ ಬರೆಯುವಾಗ ಅದನ್ನು ಹೇಳಿದವರು ಯಾರು ಅಂತಲೂ ಬರೆಯಿರಿ. ಇದನ್ನು ಮಾತ್ರ ತಪ್ಪಿಸಬೇಡಿ. ರಾಜ ಕ್ರೂರಿ ಅಂತ ಜಾಸ್ತಿ ಬರೆದಿಟ್ಟವರು 1834ರಲ್ಲಿ ಅವನನ್ನು ಇಳಿಸಿ ಕೊಡಗನ್ನು ತೆಗೆದುಕೊಂಡ ಇಂಗ್ಲಿಷರ ಕಡೆಯವರು. ಹಾಗೆ ಬರೆಯುವುದರಲ್ಲಿ ಅವರಿಗೆ ಲಾಭವಿತ್ತು ಅಲ್ವಾ? ಹಾಗಂತ ರಾಜನ ತಪ್ಪುಗಳೆಲ್ಲ ಕಟ್ಟುಕಥೆ ಅಂತ ನಾನು ಹೇಳುವುದಿಲ್ಲ.

ನನ್ನ ಬಲಗಡೆ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಇರುವುದು 1837. ರಾಜ ಹೋದ ಮೂರೇ ವರ್ಷಕ್ಕೆ, ಅವನ ಆಳ್ವಿಕೆಯಲ್ಲಿದ್ದ ಅಮರ ಸುಳ್ಯದ ರೈತರು ಇಂಗ್ಲಿಷರ ವಿರುದ್ಧ ದಂಗೆ ಎದ್ದರು. ಕಂದಾಯವನ್ನು ದುಡ್ಡಿನಲ್ಲೇ ಕಟ್ಟಬೇಕು ಅಂದದ್ದು ಅವರ ಹೊಟ್ಟೆಯ ಮೇಲೆ ಹೊಡೆದಿತ್ತು. ಆದರೆ ಅವರು ಮುಂದಿಟ್ಟುಕೊಂಡದ್ದು ಕಲ್ಯಾಣಸ್ವಾಮಿಯನ್ನು, ಅದೂ ರಾಜನ ಮನೆತನವಾದ ಹಾಲೇರಿ ವಂಶದವನು ಎನ್ನುವ ಹೆಸರಿನಲ್ಲಿ. ದಂಗೆಯ ಮುಂದಾಳುಗಳಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಇಂಗ್ಲಿಷರು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ಜನರಿಗೆ ಆ ಮನೆತನದ ಮೇಲೆ ಬರೀ ದ್ವೇಷವೇ ಇದ್ದಿದ್ದರೆ ಇದು ಆಗುತ್ತಿತ್ತಾ? ಕಾದಂಬರಿ ಮುಚ್ಚಿಟ್ಟ ಮೇಲೆ ನನ್ನನ್ನು ಕಾಡುವುದು ಈ ಪ್ರಶ್ನೆ.

ಆಮೇಲೆ ಮಡಿಕೇರಿಯ ಗದ್ದಿಗೆಗೆ ಹೋಗಿ ಬನ್ನಿ. ದೊಡ್ಡವೀರರಾಜೇಂದ್ರನ ಸಮಾಧಿ ಇದೆ, ಲಿಂಗರಾಜೇಂದ್ರನದೂ ಇದೆ. ಗುಮ್ಮಟ, ಕಿಟಕಿ ಸರಳು, ಎಲ್ಲವನ್ನೂ ನಿಧಾನವಾಗಿ ನೋಡಿ. ಲಿಂಗರಾಜೇಂದ್ರನ ಮಗ, ಕಾದಂಬರಿಯ ಚಿಕವೀರ ಮಾತ್ರ ಅಲ್ಲಿಲ್ಲ. ಅವನನ್ನು ಇಂಗ್ಲಿಷರು ಕಾಶಿಗೆ ಕಳಿಸಿದರು. 1852ರಲ್ಲಿ ಮಗಳನ್ನು (ಅವಳ ಹೆಸರೂ ಗೌರಮ್ಮ) ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಆ ಹುಡುಗಿಗೆ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾದಳು. ಇವನು ತನ್ನ ಮನೆತನದ ದುಡ್ಡಿಗಾಗಿ ಈಸ್ಟ್ ಇಂಡಿಯಾ ಕಂಪನಿಯ ಮೇಲೆ ಅಲ್ಲೇ ಕೋರ್ಟಿನಲ್ಲಿ ದಾವೆ ಹೂಡಿದ. 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಕಾದಂಬರಿಯ ಕುಡುಕ ರಾಜನ ಪಕ್ಕದಲ್ಲಿ ಈ ದಾವೆ ಹೂಡಿದ ಮನುಷ್ಯನನ್ನೂ ನಿಲ್ಲಿಸಿಕೊಂಡು ಓದಿ. ಸಿಟ್ಟು ಪೂರ್ತಿ ಹೋಗುವುದಿಲ್ಲ, ಆದರೆ ಅದು ಯಾರ ಮೇಲೆ ಅಂತ ಮತ್ತೆ ಯೋಚಿಸಬೇಕಾಗುತ್ತದೆ.

ಕಕ್ಕಬ್ಬೆ ಕಡೆ ಹೋದರೆ ನಾಲ್ಕುನಾಡು ಅರಮನೆಯನ್ನೂ ನೋಡಿ. ಅವನು ಕೊನೆಗೆ ಆಸರೆ ಪಡೆದ ಜಾಗ ಅದು.

ಮನೆಯಲ್ಲಿ ಹಿರಿಯರಿದ್ದರೆ ಒಂದೇ ಪ್ರಶ್ನೆ ಕೇಳಿ: ರಾಜನ ದಿವಾನರು ಇಂಗ್ಲಿಷರ ಜೊತೆ ಸೇರಿದ್ದು ಸರಿಯಾ, ತಪ್ಪಾ? ಮಧ್ಯೆ ಬಾಯಿ ಹಾಕಬೇಡಿ. ಅಜ್ಜಿ ಒಂದು ಹೇಳಿ ತಾತ ಇನ್ನೊಂದು ಹೇಳಿದರೆ ಎರಡನ್ನೂ ಅವರವರ ಮಾತಿನಲ್ಲೇ ಬರೆದುಕೊಳ್ಳಿ. ಅದಕ್ಕೆ ನೋಟ್‌ಬುಕ್ಕಿನ ಹಿಂದಿನ ಪುಟಗಳನ್ನು ಖಾಲಿ ಬಿಟ್ಟಿರಿ.