ಬಾಗು ಹೊಲಿಗೆ: ಅಂಚನ್ನು ಬಿಡಿ, ಗೆರೆಯನ್ನು ಹಿಡಿಯಿರಿ

ಒಂದು ಕೈಯಲ್ಲಿ ಕಾಲು ವೃತ್ತದ ಬಟ್ಟೆ ತುಂಡು. ಇನ್ನೊಂದು ಕೈಯಲ್ಲಿ, ಮೂಲೆಯಿಂದ ಅಂಥದ್ದೇ ಕಾಲು ವೃತ್ತವನ್ನು ಕೊರೆದು ತೆಗೆದ ಚೌಕ. ಕಾಗದದ ಮೇಲೆ ಬರೆದಾಗ ಒಂದರೊಳಗೊಂದು ಅಚ್ಚುಕಟ್ಟಾಗಿ ಕೂರುವ ಈ ಎರಡೂ, ಹೊಲಿಯಲೆಂದು ಒಂದರ ಮೇಲೊಂದು ಕವುಚಿ ಇಟ್ಟ ಕೂಡಲೇ ಒಂದಕ್ಕೊಂದು ಬೆನ್ನು ತಿರುಗಿಸುತ್ತವೆ. ಒಂದು ಎಡಕ್ಕೆ ಬಾಗಿದರೆ ಮತ್ತೊಂದು ಬಲಕ್ಕೆ. ಕ್ವಿಲ್ಟ್, ಅಂದರೆ ಬಟ್ಟೆ ತುಂಡುಗಳನ್ನು ಜೋಡಿಸಿ ಹೊಲಿಯುವ ಹೊದಿಕೆ, ಕಲಿಯುವ ಎಷ್ಟೋ ಮಂದಿ ಇಲ್ಲಿಗೆ ಬಂದು, ಇದು ನನ್ನಿಂದಾಗದು ಎಂದು ನೇರ ಹೊಲಿಗೆಗೇ ಮರಳುತ್ತಾರೆ. ಹಾಗೆ ಮರಳಬೇಕಾಗಿಲ್ಲ. ರವಿಕೆಯ ಕಂಕುಳಿಗೆ ತೋಳು ಕೂರಿಸಿದ ಕೈಗೆ ಈ ಕೆಲಸದ ಅರ್ಧ ಆಗಲೇ ಗೊತ್ತಿದೆ.

ಕಲಿಯಲು ನಾನು ಆರಿಸುವ ಚೌಕ ‘ಡ್ರಂಕರ್ಡ್ಸ್ ಪಾತ್’, ಅಂದರೆ ಕುಡುಕನ ದಾರಿ. 19ನೆಯ ಶತಮಾನದಿಂದ ಅಮೆರಿಕದ ಮನೆಗಳಲ್ಲಿ ಹೊಲಿಯುತ್ತ ಬಂದ ವಿನ್ಯಾಸವಿದು. ಚೌಕಗಳನ್ನು ಬೇರೆಬೇರೆ ದಿಕ್ಕಿಗೆ ತಿರುಗಿಸಿ ಜೋಡಿಸಿದಾಗ ತೂರಾಡುತ್ತ ಸಾಗುವ ಹಾದಿಯೊಂದು ಮೂಡುತ್ತದೆ, ಹೆಸರು ಬಂದದ್ದು ಅದರಿಂದ. ಇಂದಿನ ಆಧುನಿಕ ಕ್ವಿಲ್ಟ್‌ಗಳಲ್ಲಿ ಇದೇ ಬಾಗು ದೊಡ್ಡದಾಗಿ, ಸಾದಾ ಬಣ್ಣಗಳಲ್ಲಿ, ಸುತ್ತ ಸಾಕಷ್ಟು ಖಾಲಿ ಜಾಗ ಬಿಟ್ಟುಕೊಂಡು ಬರುತ್ತದೆ. ನಮ್ಮ ಉತ್ತರ ಕರ್ನಾಟಕದ ಕೌದಿಯಲ್ಲಾಗಲಿ, ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರ ಕೌದಿಯಲ್ಲಾಗಲಿ ಈ ತೊಡಕು ಹುಟ್ಟುವುದಿಲ್ಲ. ಅಲ್ಲಿ ತುಂಡಿನ ಅಂಚು ಮಡಿಸಿ ಅಡಿಬಟ್ಟೆಯ ಮೇಲಿಟ್ಟು ಹೊಲಿಯುತ್ತಾರೆ. ಇಲ್ಲಿ ಅಡಿಬಟ್ಟೆಯೇ ಇಲ್ಲ, ತುಂಡಿಗೆ ತುಂಡೇ ಆಧಾರ.

ಮೊದಲು ಕೈವಾರ, ಆಮೇಲೆ ಕತ್ತರಿ

ದಪ್ಪ ಕಾಗದದ ಮೇಲೆ 6 ಇಂಚಿನ ಚೌಕ ಬರೆಯಿರಿ. ಒಂದು ಮೂಲೆಯಲ್ಲಿ ಕೈವಾರದ ಮುಳ್ಳು ಊರಿ, 4 ಇಂಚು ಅಗಲಿಸಿ ಕಾಲು ವೃತ್ತ ಎಳೆಯಿರಿ. ಇದು ಹೊಲಿಗೆಯ ಗೆರೆ. ಕತ್ತರಿಸುವ ಗೆರೆ ಇದಲ್ಲ. ಈ ಒಂದೇ ಗೆರೆಯ ಮೇಲೆ ಕತ್ತರಿಸಿ ಎರಡು ತುಂಡು ಮಾಡಿದರೆ ಹೊಲಿಗೆಯಲ್ಲಿ ಎರಡೂ ಬದಿಯಿಂದ ಕಾಲು ಕಾಲು ಇಂಚು ಒಳಗೆ ಹೋಗಿ ಚೌಕ ಗಿಡ್ಡವಾಗುತ್ತದೆ.

ಮುಳ್ಳನ್ನು ಕದಲಿಸದೆ ಕೈವಾರವನ್ನು 4¼ ಇಂಚಿಗೆ ಅಗಲಿಸಿ ಇನ್ನೊಂದು ಗೆರೆ ಎಳೆಯಿರಿ. ಇದು ಉಬ್ಬು ತುಂಡನ್ನು, ಅಂದರೆ ಕಾಲು ವೃತ್ತವನ್ನು, ಕತ್ತರಿಸುವ ಅಂಚು. ಮತ್ತೆ 3¾ ಇಂಚಿಗೆ ಕುಗ್ಗಿಸಿ ಮೂರನೆಯ ಗೆರೆ ಎಳೆಯಿರಿ. ಇದು ತಗ್ಗು ತುಂಡಿನದು, ಅಂದರೆ ಮೂಲೆ ಕೊರೆದ ಚೌಕದ್ದು. ಇನ್ನು ಎರಡೂ ತುಂಡುಗಳ ನೇರ ಬದಿಗಳಿಗೆ ಕಾಲು ಇಂಚು ಸೇರಿಸಿದರೆ ನಕ್ಷೆ ಮುಗಿಯಿತು. ಉಬ್ಬು ತುಂಡು 4½ ಇಂಚಿನ ಚೌಕದಲ್ಲಿ ಹಿಡಿಸುತ್ತದೆ, ತಗ್ಗು ತುಂಡಿಗೆ 6½ ಇಂಚಿನ ಚೌಕ ಬೇಕು.

ಈಗ ಆ ಮೂರು ಗೆರೆಗಳ ಮೇಲೆ ದಾರವಿಟ್ಟು ಅಳೆಯಿರಿ. ಈ ಐದು ನಿಮಿಷವನ್ನು ದಯವಿಟ್ಟು ಉಳಿಸಲು ಹೋಗಬೇಡಿ. ಒಳಗಿನದು ಸುಮಾರು 5.9 ಇಂಚು, ನಡುವಿನದು 6.3, ಹೊರಗಿನದು 6.7. ಅಂದರೆ ನೀವು ಕೂಡಿಸಲು ಹೊರಟಿರುವ ಎರಡು ಅಂಚುಗಳ ನಡುವೆ ಮುಕ್ಕಾಲು ಇಂಚಿಗಿಂತ ಹೆಚ್ಚು ವ್ಯತ್ಯಾಸವಿದೆ. ಆ ಅಂಚುಗಳು ಕೂಡುವುದಿಲ್ಲ, ಕೂಡಲೂಬಾರದು. ಕೂಡಬೇಕಾದದ್ದು ನಡುವಿನ ಗೆರೆ, ಅದರ ಉದ್ದ ಎರಡೂ ತುಂಡುಗಳಲ್ಲಿ ಒಂದೇ. ನನ್ನ ಮೊದಲ ಚೌಕ ಬಟ್ಟಲಿನಂತೆ ಉಬ್ಬಿ ಕುಳಿತದ್ದು ಇದನ್ನು ತಿಳಿಯದೆ ಅಂಚಿಗೆ ಅಂಚು ಎಳೆದು ಕೂಡಿಸಿದ್ದರಿಂದ.

ಇನ್ನೊಂದು ಸಂಗತಿಯೂ ಈ ಲೆಕ್ಕದಲ್ಲೇ ಇದೆ. ತ್ರಿಜ್ಯ 2 ಇಂಚಾಗಲಿ, 10 ಇಂಚಾಗಲಿ, ಆ ವ್ಯತ್ಯಾಸ ಬದಲಾಗುವುದಿಲ್ಲ. 2 ಇಂಚಿನ ಬಾಗಿನಲ್ಲಿ ಹೊಲಿಗೆಯ ಉದ್ದವೇ 3.1 ಇಂಚು. ಅಷ್ಟರಲ್ಲಿ ಮುಕ್ಕಾಲು ಇಂಚನ್ನು ಅಡಗಿಸುವುದು ಪಳಗಿದ ಕೈಗೂ ಕಷ್ಟ. ಆದ್ದರಿಂದ ಚಿಕ್ಕದರಿಂದ ದೊಡ್ಡದಕ್ಕೆ ಹೋಗುವ ವಾಡಿಕೆ ಇಲ್ಲಿ ನಡೆಯುವುದಿಲ್ಲ, ದೊಡ್ಡ ಬಾಗಿನಿಂದಲೇ ಆರಂಭಿಸಿ.

ಬಟ್ಟೆ ಮತ್ತು ಅಚ್ಚು

ನಕ್ಷೆಯ ಎರಡು ತುಂಡುಗಳನ್ನು ಬೇರೆಬೇರೆಯಾಗಿ ಇಳಿಸಿಕೊಂಡು, ಬಟ್ಟೆ ಕತ್ತರಿಸಲು ಬಳಸುವ ಅಚ್ಚಿಗೆ ಹಳೆಯ ಎಕ್ಸ್‌ರೇ ಹಾಳೆಯಷ್ಟು ಒಳ್ಳೆಯದು ಬೇರೆ ಇಲ್ಲ. ಸವೆಯುವುದಿಲ್ಲ, ಅಂಚು ಮುದುಡುವುದಿಲ್ಲ. ಪ್ರತಿ ಅಚ್ಚಿನಲ್ಲೂ ಬಾಗಿನ ನಟ್ಟನಡುವೆ ಒಂದು ಗುರುತು ಹಾಕಿಕೊಳ್ಳಿ.

ಬಟ್ಟೆ ಸಾದಾ ಹತ್ತಿಯದಿರಲಿ. 16 ಚೌಕಗಳಿಗೆ ಹಿನ್ನೆಲೆಯ ಬಣ್ಣ ಮುಕ್ಕಾಲು ಮೀಟರ್, ಉಬ್ಬು ತುಂಡಿನ ಬಣ್ಣ ಅರ್ಧ ಮೀಟರ್ ಇದ್ದರೆ ಕೈತಪ್ಪಿದ ತುಂಡುಗಳಿಗೂ ಸಾಕಾಗುತ್ತದೆ. ತೊಳೆದು, ತೆಳುವಾಗಿ ಗಂಜಿ ಹಾಕಿ, ಇಸ್ತ್ರಿ ಮಾಡಿದ ಮೇಲೆಯೇ ಕತ್ತರಿಸಿ. ನೇರ ಬದಿಗಳು ನೂಲಿನ ಜಾಡಿನಲ್ಲಿರಬೇಕು. ಆಗ ಬಾಗಿನ ನಡುಭಾಗ ದರ್ಜಿಗಳು ‘ಕ್ರಾಸ್’ ಎನ್ನುವ ಓರೆಗೆ ಬರುತ್ತದೆ. ಓರೆ ಬಟ್ಟೆ ಎಳೆದಂತೆ ಹಿಗ್ಗುತ್ತದೆ. ನಮ್ಮ ಕೆಲಸ ಸಾಧ್ಯವಾಗುವುದೂ, ಕೆಡುವುದೂ ಈ ಹಿಗ್ಗಿನಿಂದಲೇ. ಗಂಜಿ ಅದನ್ನು ಹದದಲ್ಲಿಡುತ್ತದೆ.

ಹೊಲಿಗೆ

ತಗ್ಗು ತುಂಡಿನ ಬಾಗಿಗೆ ಅರ್ಧರ್ಧ ಇಂಚಿಗೊಂದರಂತೆ ಕಚ್ಚು ಕೊಡಿ. ಆಳ ⅛ ಇಂಚು ಮಾತ್ರ, ಹೊಲಿಗೆಯ ಗೆರೆಯನ್ನು ಮುಟ್ಟಕೂಡದು. ರವಿಕೆಯ ಕತ್ತಿನ ಪಟ್ಟಿ ತಿರುಗಿಸುವ ಮೊದಲು ಕೊಡುತ್ತೇವಲ್ಲ, ಅದೇ ಕಚ್ಚು. ಉಬ್ಬು ತುಂಡಿಗೆ ಬೇಡ.

ಎರಡನ್ನೂ ನಡುವೆ ಮಡಿಸಿ ಉಗುರಿನಿಂದ ಗೀರಿ. ಉಬ್ಬು ತುಂಡು ಕೆಳಗೆ, ತಗ್ಗು ತುಂಡು ಮೇಲೆ, ಒಳ್ಳೆಯ ಮೈಗಳು ಎದುರುಬದುರು. ನಡುವಿನ ಮಡಿಕೆಗಳನ್ನು ಕೂಡಿಸಿ ಮೊದಲ ಗುಂಡುಪಿನ್ನು. ಆಮೇಲೆ ಎರಡೂ ತುದಿಗಳು, ಅಲ್ಲಿ ನೇರ ಬದಿಗಳು ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಕೊನೆಗೆ ನಡುನಡುವೆ ಎರಡೆರಡು. ಮೇಲಿನ ಬಟ್ಟೆ ಈಗ ನೆರಿಗೆ ನೆರಿಗೆಯಾಗಿ ಎದ್ದು ನಿಂತಿರುತ್ತದೆ. ನೋಡಿ ಹೆದರಬೇಡಿ, ಹಾಗೆಯೇ ಇರಬೇಕು.

ಹೊಲಿಗೆಯ ಉದ್ದ 2 ಮಿಲಿಮೀಟರ್ ಇಡಿ. ಸೂಜಿಯಿಂದ ಕಾಲು ಇಂಚಿಗೆ ಯಂತ್ರದ ತಟ್ಟೆಯ ಮೇಲೆ ಕಾಗದದ ಟೇಪ್ ಅಂಟಿಸಿದರೆ ಅಂಚು ತಪ್ಪುವುದಿಲ್ಲ. ನಿಧಾನವಾಗಿ ತುಳಿಯಿರಿ. ಸೂಜಿಯ ಮುಂದಿನ ಒಂದು ಇಂಚನ್ನಷ್ಟೇ ಎಡಗೈ ಬೆರಳಿನಿಂದ ಸವರಿ ಚಪ್ಪಟೆ ಮಾಡಿ. ಆಚೆಯ ನೆರಿಗೆ ತನ್ನ ಸರದಿ ಬರುವವರೆಗೆ ಹಾಗೆಯೇ ಇರಲಿ. ಐದಾರು ಹೊಲಿಗೆಗೊಮ್ಮೆ ಸೂಜಿಯನ್ನು ಬಟ್ಟೆಯಲ್ಲೇ ಇಳಿಸಿಟ್ಟು, ಬಟ್ಟೆಯನ್ನು ಒತ್ತಿ ಹಿಡಿಯುವ ಯಂತ್ರದ ಪಾದ ಎತ್ತಿ, ಬಟ್ಟೆಯನ್ನು ತುಸು ತಿರುಗಿಸಿ ಮುಂದುವರಿಯಿರಿ. ಎಳೆಯಬೇಡಿ, ಸವರಿ. ಈ ಎರಡರ ಅಂತರ ಮೂರು ಚೌಕ ಮುಗಿಯುವಷ್ಟರಲ್ಲಿ ಬೆರಳಿಗೇ ತಿಳಿಯುತ್ತದೆ. ಕೈಹೊಲಿಗೆಯವರು ಹಿಂಬದಿಯಲ್ಲಿ ಹೊಲಿಗೆಯ ಗೆರೆಯನ್ನು ಪೆನ್ಸಿಲ್ಲಿನಿಂದ ಬರೆದುಕೊಂಡರೆ ಇನ್ನೂ ಸಲೀಸು.

ತೆರೆದು ನೋಡಿದಾಗ ಬಾಗಿನಲ್ಲಿ ಸಣ್ಣ ನೆರಿಗೆ ಸಿಕ್ಕಿಕೊಂಡಿದ್ದರೆ ಅದರ ಎರಡೂ ಬದಿಯ ಅರ್ಧ ಇಂಚನ್ನಷ್ಟೇ ಬಿಚ್ಚಿ ಮತ್ತೆ ಹೊಲಿಯಿರಿ. ಚೌಕವೇ ಉಬ್ಬಿದ್ದರೆ ಬಟ್ಟೆ ಎಳೆದುಹೋಗಿದೆ ಎಂದರ್ಥ, ಪೂರ್ತಿ ಬಿಚ್ಚಬೇಕು.

ಇಸ್ತ್ರಿ ಮಾಡುವಾಗ ಒಳಗಿನ ಅಂಚುಗಳನ್ನು ತಗ್ಗು ತುಂಡಿನ ಕಡೆಗೆ ಒತ್ತಿ. ಉಬ್ಬಿನ ಅಂಚು ಆ ಕಡೆಗೆ ತಾನಾಗಿಯೇ ಮಲಗುತ್ತದೆ, ತಗ್ಗಿನ ಅಂಚು ಕಚ್ಚುಗಳಲ್ಲಿ ಬಾಯಿಬಿಟ್ಟು ಜಾಗ ಕೊಡುತ್ತದೆ. ಪೆಟ್ಟಿಗೆಯನ್ನು ಉಜ್ಜಬೇಡಿ, ಎತ್ತಿ ಎತ್ತಿ ಇಡಿ. ಅನಂತರ 6½ ಇಂಚಿಗೆ ಚೌಕ ಮಾಡಿ. ಕತ್ತರಿಸುವ ಮೊದಲು ಒಂದು ಪರೀಕ್ಷೆ: ಬಾಗಿನ ಹೊಲಿಗೆ ಎರಡೂ ಬದಿಗಳಲ್ಲಿ ಉಬ್ಬು ತುಂಡಿನ ಮೂಲೆಯಿಂದ 4¼ ಇಂಚಿಗೆ ಬಂದಿರಬೇಕು. ಇಲ್ಲದಿದ್ದರೆ ಪಕ್ಕದ ಚೌಕದ ಬಾಗಿಗೆ ಅದು ಕೂಡುವುದಿಲ್ಲ. ಹೊಸಬರು ತಗ್ಗು ತುಂಡಿನ ಹೊರಬದಿಗಳನ್ನು ಅರ್ಧ ಇಂಚು ದೊಡ್ಡದಾಗಿ ಕತ್ತರಿಸಿಕೊಂಡರೆ ಈ ಹಂತದಲ್ಲಿ ಸರಿಪಡಿಸಲು ಅವಕಾಶ ಸಿಗುತ್ತದೆ.

ಅಚ್ಚೇ ಇಲ್ಲದೆ ಕತ್ತರಿಸುವ ಬಾಗೂ ಉಂಟು. ಎರಡು ಬಟ್ಟೆಗಳನ್ನು ಮೇಲ್ಮುಖವಾಗಿ ಒಂದರ ಮೇಲೊಂದು ಹಾಸಿ, ಒಂದೇ ಬೀಸಿಗೆ ಅಲೆಯಂತೆ ಕತ್ತರಿಸಿ, ಒಂದರ ಎಡಭಾಗಕ್ಕೆ ಇನ್ನೊಂದರ ಬಲಭಾಗ ಕೂಡಿಸುವುದು. ಇಲ್ಲಿ ಅಂಚುಗಳು ಸಮ, ಹೊಲಿಗೆಯ ಗೆರೆಗಳು ಕೊಂಚ ಬೇರೆ. ಅಲೆ ಮೆಲ್ಲನೆ ಬಾಗಿದ್ದರೆ ಆ ಕೊಂಚವನ್ನು ಬಟ್ಟೆ ನುಂಗಿಕೊಳ್ಳುತ್ತದೆ, ಕಡಿದಾಗಿದ್ದರೆ ನುಂಗುವುದಿಲ್ಲ.

16 ಚೌಕಗಳಾದ ಮೇಲೆ ಹೊಲಿಯುವ ಅವಸರ ಬೇಡ. ನೆಲದ ಮೇಲೆ ಹರಡಿ. ನಾಲ್ಕು ಉಬ್ಬುಗಳ ಮೂಲೆ ಕೂಡಿಸಿದರೆ 8 ಇಂಚಿನ ದುಂಡು ಚಂದ್ರ. ಒಂದನ್ನು ತಿರುಗಿಸಿದರೆ ಚಂದ್ರ ಒಡೆದು ಹಾದಿ ಶುರುವಾಗುತ್ತದೆ. ಪ್ರತಿ ಜೋಡಣೆಯ ಫೋಟೊ ತೆಗೆದಿಟ್ಟು, ಒಂದು ರಾತ್ರಿ ಹಾಗೆಯೇ ಬಿಟ್ಟು, ಬೆಳಗಿನ ಬೆಳಕಿನಲ್ಲಿ ಆರಿಸಿಕೊಳ್ಳಿ.