ಪಂಚಾಯಿತಿ ಮತಪತ್ರದಲ್ಲಿ ನಿಮ್ಮ ಹೆಸರು ಬರಬೇಕೆ?

ಈ ಸಲ ಪಂಚಾಯಿತಿಗೆ ನಿಂತೇಬಿಡೋಣ ಎಂದುಕೊಂಡವರು ಮೊದಲು ಫ್ಲೆಕ್ಸ್ ಅಂಗಡಿಗೆ ಓಡುತ್ತಾರೆ. ಓಡಬೇಕಾದ್ದು ಮತದಾರರ ಪಟ್ಟಿ ನೋಡಲಿಕ್ಕೆ.

ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ, ಹಾಗಾಗಿ ಪಕ್ಷದ ಟಿಕೆಟ್ ಪತ್ರವಾದ ಬಿ ಫಾರಂಗಾಗಿ ಯಾರ ಮನೆ ಬಾಗಿಲನ್ನೂ ಕಾಯಬೇಕಿಲ್ಲ. ವಯಸ್ಸು 21 ತುಂಬಿರಬೇಕು, ಅದೇ ಪಂಚಾಯಿತಿಯ ಯಾವುದಾದರೂ ಒಂದು ವಾರ್ಡಿನ ಪಟ್ಟಿಯಲ್ಲಿ ಹೆಸರಿರಬೇಕು. ನಿಮ್ಮ ಮತ ಒಂದನೇ ವಾರ್ಡಿನಲ್ಲಿದ್ದರೂ ಮೂರನೇ ವಾರ್ಡಿಗೆ ನಿಲ್ಲಬಹುದು. ಆದರೆ ನಿಮ್ಮನ್ನು ಸೂಚಿಸಿ ಸಹಿ ಹಾಕುವವರು ಮೂರನೇ ವಾರ್ಡಿನ ಮತದಾರರೇ ಆಗಿರಬೇಕು. ಭಾವನೋ ತಮ್ಮನೋ ಪಕ್ಕದಲ್ಲಿದ್ದಾನೆಂದು ಅವಸರಕ್ಕೆ ಅವನಿಂದಲೇ ಸಹಿ ಹಾಕಿಸಿ, ಆಮೇಲೆ ಅವನ ಮತ ಬೇರೆ ವಾರ್ಡಿನಲ್ಲಿದೆ ಎಂದು ತಿಳಿದರೆ ನಾಮಪತ್ರ ಅಲ್ಲಿಗೇ ಮುಗಿಯಿತು.

ಎರಡನೆಯದು ಮೀಸಲಾತಿ. ಯಾವ ಸ್ಥಾನ ಯಾರಿಗೆ ಎಂಬುದು ಮೊದಲೇ ಪ್ರಕಟವಾಗಿರುತ್ತದೆ. ಸಾಮಾನ್ಯ ಸ್ಥಾನ ಎಂದರೆ ಮೇಲ್ಜಾತಿಯ ಗಂಡಸರ ಸ್ಥಾನ ಎಂದು ಎಷ್ಟೋ ಊರುಗಳಲ್ಲಿ ತಿಳಿದಿದ್ದಾರೆ. ಅದು ತಪ್ಪು. ಅಲ್ಲಿ ಹೆಂಗಸರೂ ಪರಿಶಿಷ್ಟರೂ ಯಾರು ಬೇಕಾದರೂ ನಿಲ್ಲಬಹುದು. ಜಾತಿಯ ಆಧಾರದ ಮೀಸಲು ಸ್ಥಾನವಾದರೆ ಜಾತಿ ಪ್ರಮಾಣಪತ್ರ ಬೇಕು. ಅಧಿಸೂಚನೆ ಬಂದ ಮೇಲೆ ನಾಡಕಚೇರಿಯ ಮುಂದೆ ಸರದಿ ನಿಲ್ಲುವ ಬದಲು ಈಗಲೇ ತೆಗೆದಿಟ್ಟುಕೊಳ್ಳಿ. ಮನೆಯವರ ಬಳಕೆಗೆ ಶೌಚಾಲಯ ಇರಬೇಕೆಂಬ ನಿಯಮವೂ ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆಯಲ್ಲಿದೆ. ಪಂಚಾಯಿತಿಗೆ ಕಂದಾಯ ಬಾಕಿಯಿದ್ದರೆ ಕಟ್ಟಿ ರಶೀದಿ ಇಟ್ಟುಕೊಳ್ಳುವುದು ಜಾಣತನ.

ಜಿಲ್ಲಾಧಿಕಾರಿ ಅಧಿಸೂಚನೆ ಹೊರಡಿಸಿದ ದಿನದಿಂದ ದಿನಗಳು ಬಲು ಬೇಗ ಓಡುತ್ತವೆ. 2020ರ ಮೊದಲ ಹಂತವನ್ನೇ ನೋಡಿ: ಡಿಸೆಂಬರ್ 7ರಿಂದ 11ರವರೆಗೆ ನಾಮಪತ್ರ, 12ಕ್ಕೆ ಪರಿಶೀಲನೆ, 14 ಹಿಂಪಡೆಯಲು ಕೊನೆಯ ದಿನ, 22ಕ್ಕೆ ಮತದಾನ. ನಾಮಪತ್ರ ಕೊಡಬೇಕಾದ್ದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಕೈಗಲ್ಲ, ನೇಮಕಗೊಂಡ ಚುನಾವಣಾಧಿಕಾರಿಯ ಕೈಗೆ. ಆ ಸಲ ಠೇವಣಿ ಸಾಮಾನ್ಯ ಅಭ್ಯರ್ಥಿಗೆ 200 ರೂಪಾಯಿ, ಮಹಿಳೆಯರು, ಪರಿಶಿಷ್ಟರು ಮತ್ತು ಹಿಂದುಳಿದ ವರ್ಗದವರಿಗೆ 100 ರೂಪಾಯಿ ಇತ್ತು. ಒಳ್ಳೆಯ ಗಳಿಗೆ ನೋಡುವವರು ನೋಡಲಿ, ಆದರೆ ಕೊನೆಯ ದಿನದ ಮಧ್ಯಾಹ್ನದವರೆಗೆ ಕಾಯಬೇಡಿ. ಮೊದಲ ದಿನ ಕೊಟ್ಟ ಅರ್ಜಿಯಲ್ಲಿ ತಪ್ಪು ಕಂಡರೆ ಇನ್ನೊಂದು ಕೊಡಲು ಸಮಯ ಉಳಿದಿರುತ್ತದೆ.

ಅರ್ಜಿ ತುಂಬುವಾಗ ಹೆಸರು, ಕ್ರಮಸಂಖ್ಯೆ, ಭಾಗದ ಸಂಖ್ಯೆ ಮೂರನ್ನೂ ಪಟ್ಟಿ ಪಕ್ಕದಲ್ಲಿಟ್ಟುಕೊಂಡೇ ಬರೆಯಿರಿ. ಪರಿಶೀಲನೆಯ ದಿನ ತಪ್ಪದೆ ಹೋಗಿ. ಸಣ್ಣಪುಟ್ಟ ಅಕ್ಷರದೋಷಕ್ಕೆ ನಾಮಪತ್ರ ತಿರಸ್ಕರಿಸುವಂತಿಲ್ಲ. ಆದರೆ ಎದುರಾಳಿ ಆಕ್ಷೇಪ ಎತ್ತಿದಾಗ ಉತ್ತರಿಸಲು ನೀವೇ ಅಲ್ಲಿಲ್ಲದಿದ್ದರೆ ಹೇಗೆ?

ಇನ್ನು ನಾಮಪತ್ರ ಹಿಂಪಡೆಯುವ ದಿನ. ಹಳ್ಳಿಯ ನಿಜವಾದ ಚುನಾವಣೆ ಎಷ್ಟೋ ಸಲ ಅಂದೇ, ಅರಳಿಕಟ್ಟೆಯ ಮೇಲೆ ನಡೆದುಹೋಗುತ್ತದೆ. ‘ಒಮ್ಮತ’, ‘ಊರಿನ ಮರ್ಯಾದೆ’ ಎಂಬ ಮಾತು ಹಿರಿಯರಿಂದ ಬರುತ್ತದೆ. ದೇವಸ್ಥಾನದ ಜೀರ್ಣೋದ್ಧಾರಕ್ಕೆಂದು ಸ್ಥಾನವನ್ನೇ ಹರಾಜು ಹಾಕಿದ ಸುದ್ದಿಗಳು 2020ರಲ್ಲಿ ಬಂದವು, ರಾಜ್ಯ ಚುನಾವಣಾ ಆಯೋಗ ಎಚ್ಚರಿಕೆಯನ್ನೂ ಕೊಟ್ಟಿತು. ಇದ್ದಷ್ಟೇ ಸ್ಥಾನಕ್ಕೆ ಅಷ್ಟೇ ಜನ ಉಳಿದರೆ ಅವಿರೋಧ ಆಯ್ಕೆ, ಮತಪತ್ರವೇ ಬೇಕಿಲ್ಲ. ಹಿಂದೆ ಸರಿಯುವುದು ನಿಮ್ಮ ಇಷ್ಟ, ಆದರೆ ನಿಮ್ಮ ಸಹಿಯಿಲ್ಲದೆ ಯಾರೂ ನಿಮ್ಮನ್ನು ಕಣದಿಂದ ಇಳಿಸಲಾರರು.

ಉಳಿದವರಿಗೆ ಆಯೋಗದ ಪಟ್ಟಿಯಿಂದ ಚಿಹ್ನೆ ಸಿಗುತ್ತದೆ. ಒಂದೇ ಚಿಹ್ನೆಗೆ ಇಬ್ಬರು ಪಟ್ಟು ಹಿಡಿದರೆ ಚೀಟಿ ಎತ್ತುತ್ತಾರೆ. ಎರಡನೇ, ಮೂರನೇ ಆಯ್ಕೆಯನ್ನೂ ಯೋಚಿಸಿ ಬರೆಯಿರಿ, ಬರಿಗಣ್ಣಿಗೆ ಥಟ್ಟನೆ ಗುರುತು ಸಿಗುವಂಥದ್ದನ್ನು. ಹೆಸರುಗಳು ಕನ್ನಡ ಅಕ್ಷರಮಾಲೆಯ ಕ್ರಮದಲ್ಲಿ ಬರುತ್ತವೆ. ಅನಸೂಯಮ್ಮ ಮೇಲೆ, ಹನುಮಂತಪ್ಪ ಕೆಳಗೆ. ಅದಕ್ಕೆ ಅಧಿಕಾರಿಯ ಬಳಿ ತಕರಾರು ಮಾಡಿ ಉಪಯೋಗವಿಲ್ಲ.

ಫ್ಲೆಕ್ಸ್ ಅಂಗಡಿಗೆ ಹೋಗಬೇಕಾದ್ದು ಈಗ, ಚಿಹ್ನೆ ಕೈಗೆ ಬಂದ ಮೇಲೆ.