ಬಾಹ್ಯಾಕಾಶಕ್ಕೆ ಹೋಗಿಬಂದ ಡಾಲರ್ ನೋಟು ಕೊಳ್ಳುವುದು ಹೇಗೆ?

ಹೊಸದಾಗಿ ಸಂಗ್ರಹ ಶುರು ಮಾಡಿದವರು ಎಡವುವುದು ಜಾಸ್ತಿ ಒಂದೇ ಕಡೆ. ಡಾಲರ್ ನೋಟಿನ ಮೇಲೆ ಅಮೆರಿಕದ ಗಗನಯಾತ್ರಿ ಜಾನ್ ಗ್ಲೆನ್ ಸಹಿ ಕಂಡ ಕೂಡಲೇ, ಆ ನೋಟು 1962ರಲ್ಲಿ ಅವರ ಜೊತೆ ಫ್ರೆಂಡ್‌ಶಿಪ್ 7 ಎಂಬ ನೌಕೆಯಲ್ಲಿ ಹಾರಿತ್ತು ಅಂತ ನಂಬಿಬಿಡುತ್ತಾರೆ. ಸಹಿ ಬೇರೆ, ಹಾರಾಟ ಬೇರೆ. ಗ್ಲೆನ್ 2016ರವರೆಗೆ ಬದುಕಿದ್ದರು, ಯಾರ ನೋಟಿಗೆ ಬೇಕಾದರೂ ಸಹಿ ಹಾಕಿರಬಹುದು ಅಲ್ವಾ?

ಫ್ರೆಂಡ್‌ಶಿಪ್ 7 ಸೇರಿದಂತೆ ಅಮೆರಿಕ ಮೊದಲು ಮನುಷ್ಯರನ್ನು ಕಳಿಸಿದ ಮರ್ಕ್ಯುರಿ ನೌಕೆಗಳನ್ನು ಸಿದ್ಧ ಮಾಡುತ್ತಿದ್ದ ತಂತ್ರಜ್ಞರು ಒಂದು ಡಾಲರ್ ನೋಟುಗಳನ್ನು ವೈರುಗಳ ಕಟ್ಟಿನ ನಡುವೆ ಸಿಕ್ಕಿಸಿ ಕಳಿಸುತ್ತಿದ್ದರು. ನೌಕೆ ವಾಪಸ್ ಬಂದ ಮೇಲೆ ತೆಗೆದು ನೆನಪಿಗೆ ಇಟ್ಟುಕೊಳ್ಳುತ್ತಿದ್ದರು. ಈಗ ಮಾರಾಟಕ್ಕೆ ಬರುವುದು ಹೆಚ್ಚಾಗಿ ಇಂಥವೇ.

ಮೊದಲು ಬಣ್ಣ ನೋಡಿ. ಆಗ ಚಾಲ್ತಿಯಲ್ಲಿದ್ದದ್ದು ನೀಲಿ ಮುದ್ರೆ, ನೀಲಿ ಸಂಖ್ಯೆಯ ಸಿಲ್ವರ್ ಸರ್ಟಿಫಿಕೇಟ್, ಅಂದರೆ ಆಗ ಬೆಳ್ಳಿಗೆ ಬದಲಾಯಿಸಿಕೊಳ್ಳಬಹುದಾಗಿದ್ದ ನೋಟು. ಹಸಿರು ಮುದ್ರೆಯ ಒಂದು ಡಾಲರ್ ನೋಟು ಬಂದದ್ದು 1963ರ ನವೆಂಬರಿನಲ್ಲಿ, ಮರ್ಕ್ಯುರಿಯ ಕೊನೆಯ ಹಾರಾಟ ಮುಗಿದದ್ದು ಅದೇ ವರ್ಷದ ಮೇ ತಿಂಗಳಲ್ಲಿ. ಹಾಗಾಗಿ ಹಸಿರಿದ್ದರೆ ಅದು ಮರ್ಕ್ಯುರಿಯಲ್ಲಿ ಹಾರಿದ್ದಲ್ಲ, ಮಾತೇ ಬೇಡ. ನೀಲಿಯಾದರೂ ನೋಟಿನ ಮೇಲೆ ಅಚ್ಚಾಗಿರುವ ಸರಣಿ (ಸೀರೀಸ್) ಓದಿ. '1957 ಬಿ' ಅಂತಿದ್ದರೆ ಅದರಲ್ಲಿ ಅಮೆರಿಕದ ಖಜಾಂಚಿ ಗ್ರನಹಾನ್ ಸಹಿ ಅಚ್ಚಾಗಿರುತ್ತದೆ. ಆಕೆ ಅಧಿಕಾರಕ್ಕೆ ಬಂದದ್ದು 1963ರ ಜನವರಿಯಲ್ಲಿ. ಅಂಥ ನೋಟು 1961-62ರಲ್ಲೇ ಮರ್ಕ್ಯುರಿಯಲ್ಲಿ ಹಾರಿದ ಶೆಪರ್ಡ್, ಗ್ರಿಸಮ್, ಗ್ಲೆನ್ ಯಾರ ಜೊತೆಗೂ ಹಾರಿರಲು ಸಾಧ್ಯವಿಲ್ಲ.

ಈಗ ಕಷ್ಟದ ಕೆಲಸ: ಪತ್ರ. ನೋಟು ಹಾರಿತ್ತು ಅನ್ನೋದಕ್ಕೆ ನೋಟಿನಲ್ಲೇ ಯಾವ ಗುರುತೂ ಇರುವುದಿಲ್ಲ. ಮೊದಲು ಅದು ಯಾರ ಕೈಯಲ್ಲಿತ್ತೋ ಅವರ ಪತ್ರ ಬೇಕು. ಆ ಪತ್ರದಲ್ಲಿ ಯಾವ ಹಾರಾಟ, ನೌಕೆಯ ಬಳಿ ಅವರ ಕೆಲಸವೇನು ಅಂತ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ನೋಟಿನ ಸಂಖ್ಯೆ, ಅಕ್ಷರ ಸಮೇತ, ಪೂರ್ತಿ ಬರೆದಿರಬೇಕು. 'ಈ ನೋಟು ಹಾರಿದೆ' ಅಂತ ಮಾತ್ರ ಇದ್ದರೆ ಆ ಪತ್ರವನ್ನು ಯಾವ ನೋಟಿನ ಜೊತೆಗಾದರೂ ಇಡಬಹುದು. ಪತ್ರ ಮತ್ತು ನೋಟನ್ನು ಪಕ್ಕಪಕ್ಕ ಇಟ್ಟು ಒಂದೊಂದೇ ಅಂಕಿ ಬೆರಳಿಟ್ಟು ಓದಿ. ಆಮೇಲೆ ಹೆರಿಟೇಜ್, ಆರ್‌ಆರ್ ಆಕ್ಷನ್‌ನಂಥ ಹರಾಜು ಸಂಸ್ಥೆಗಳ ಹಳೆಯ ಪಟ್ಟಿಗಳಲ್ಲಿ ಅದೇ ಸಂಖ್ಯೆ ಹುಡುಕಿ, ಅವು ಆನ್‌ಲೈನಿನಲ್ಲೇ ಇವೆ. ಹಿಂದೆ ಅದೇ ನೋಟು ಸುಮ್ನೆ 'ಸಹಿಯಿರುವ ನೋಟು' ಅಂತ ಮಾರಾಟವಾಗಿ ಈಗ 'ಹಾರಿದ ನೋಟು' ಆಗಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಮಾರುವವರೇ ಅಚ್ಚು ಹಾಕಿಸಿಕೊಂಡ ಹೊಳೆಯುವ ಪ್ರಮಾಣಪತ್ರಕ್ಕೆ ನಾನು ಬೆಲೆಯನ್ನೇ ಕೊಡುವುದಿಲ್ಲ, ನೀವೂ ಕೊಡಬೇಡಿ.

ಸಹಿಯ ವಿಷಯಕ್ಕೆ ಬಂದರೆ, ಆ ಗಗನಯಾತ್ರಿಗಳು ಆಟೋಪೆನ್ ಎಂಬ ಸಹಿ ಹಾಕುವ ಯಂತ್ರ ಬಳಸುತ್ತಿದ್ದರು. ಅದು ಹಿಡಿಯುವುದು ನಿಜವಾದ ಪೆನ್ನನ್ನೇ, ಆದ್ದರಿಂದ ಶಾಯಿ ನೋಡಿ ಏನೂ ಗೊತ್ತಾಗದು. ಭೂತಗನ್ನಡಿ ಹಿಡಿದು ನೋಡಿ: ಗೆರೆಯ ದಪ್ಪ ಎಲ್ಲೂ ಬದಲಾಗಿಲ್ಲವಾ? ಶುರು ಮತ್ತು ಕೊನೆಯಲ್ಲಿ ಚುಕ್ಕೆ ನಿಂತಿದೆಯಾ? ಗೊತ್ತಿರುವ ಆಟೋಪೆನ್ ಸಹಿಗಳ ಚಿತ್ರ ತೆಗೆದುಕೊಂಡು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಇಡಿ. ಕೂದಲೆಳೆ ವ್ಯತ್ಯಾಸವಿಲ್ಲದೆ ಕೂತರೆ ಅದು ಯಂತ್ರದ್ದೇ. ಮನುಷ್ಯ ಯಾವತ್ತೂ ಎರಡು ಸಲ ಒಂದೇ ಥರ ಸಹಿ ಹಾಕುವುದಿಲ್ಲ.

ಕೊಂಡ ಮೇಲೆ ಮೈಲಾರ್ (ಪಾಲಿಯೆಸ್ಟರ್ ಹಾಳೆಯ) ಕವರಿನಲ್ಲಿಡಿ, ಅಂಗಡಿಯ ಅಗ್ಗದ ಪಿವಿಸಿ ಕವರು ಬೇಡವೇ ಬೇಡ, ಕಾಲ ಕಳೆದಂತೆ ಅದು ಜಿಗುಟಾಗಿ ನೋಟನ್ನು ಹಾಳು ಮಾಡುತ್ತದೆ. ಲ್ಯಾಮಿನೇಷನ್ ಮಾಡಿಸಿದರೆ ನೋಟು ಮುಗಿದ ಹಾಗೆ. ಗೋಡೆಗೂ ಹಾಕಬೇಡಿ, ಬೆಳಕಿಗೆ ಶಾಯಿ ಮಂಕಾಗುತ್ತದೆ. ಪತ್ರಕ್ಕೂ ಅಂಥದೇ ಕವರು ಹಾಕಿ ನೋಟಿನ ಜೊತೆಗೇ ಇಡಿ, ಎರಡರ ಸ್ಕ್ಯಾನ್ ಪ್ರತಿಯನ್ನು ಮಾತ್ರ ಬೇರೆ ಕಡೆ ಇಟ್ಟುಕೊಳ್ಳಿ.